ನವ್ ಶಾಪೆಲ್‌ನ ಕೆಸರಿನಲ್ಲಿ ನಮ್ಮ ಸಿಪಾಯಿಗಳು ದಿನ ಕಳೆದದ್ದು ಹೇಗೆ?

ಲಿಲ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನಿರುವುದು ಉತ್ತರ ಫ್ರಾನ್ಸಿನ ಲಿಲ್ ಪಟ್ಟಣದಲ್ಲಿ. ಇಲ್ಲಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ನವ್ ಶಾಪೆಲ್ ಅನ್ನುವ ಹಳ್ಳಿ. ಒಂದನೇ ಮಹಾಯುದ್ಧದಲ್ಲಿ ಈ ಭಾಗದಲ್ಲಿ ಸತ್ತ ಭಾರತೀಯರ ಸ್ಮಾರಕ ಅಲ್ಲಿದೆ. ದುಂಡನೆಯ ಗೋಡೆ, ಎತ್ತರದ ಕಂಬ, ಕಂಬದ ಎರಡೂ ಕಡೆ ಕಲ್ಲಿನ ಹುಲಿ. ಗೋಡೆಯಲ್ಲಿ 4,700ಕ್ಕೂ ಜಾಸ್ತಿ ಹೆಸರು ಕೆತ್ತಿದ್ದಾರೆ. ಇವರಿಗೆ ಬೇರೆ ಸಮಾಧಿ ಇಲ್ಲ, ಈ ಹೆಸರೇ ಸಮಾಧಿ.

ಫೆಬ್ರವರಿಯಲ್ಲಿ ಹೋಗಿದ್ದೆ. ಸಣ್ಣ ಮಳೆ. ಸ್ಮಾರಕ ನೋಡಿ ಪಕ್ಕದ ಹೊಲದ ಅಂಚಿನಲ್ಲಿ ಹತ್ತು ನಿಮಿಷ ನಡೆದೆ, ಅಷ್ಟೇ. ಶೂ ಒಳಗೆ ನೀರು ಬಂತು. ಮನೆಗೆ ಬರುವಷ್ಟರಲ್ಲಿ ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಬಿಸಿನೀರಿನಲ್ಲಿ ಕಾಲು ಇಟ್ಟುಕೊಂಡು ಕೂತಾಗ ತಲೆಗೆ ಬಂದಿದ್ದು ಒಂದೇ. 1914ರ ಚಳಿಗಾಲ ಪೂರ್ತಿ ಇದೇ ಹೊಲದಲ್ಲಿ ನಿಂತವರು ಕಾಲನ್ನು ಎಲ್ಲಿ ಇಟ್ಟರು?

ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳವರು ಬಂದವರು. ಮೊದಲ ತಂಡ ಮಾರ್ಸೇ ಬಂದರಿನಲ್ಲಿ ಇಳಿದದ್ದು 1914ರ ಸೆಪ್ಟೆಂಬರ್ 26ಕ್ಕೆ. ಅಕ್ಟೋಬರ್ ಕೊನೆಗೆ ಆಗಲೇ ಕಂದಕದಲ್ಲಿದ್ದರು. ಮೈಮೇಲೆ ನಮ್ಮೂರ ಬಿಸಿಲಿಗೆ ಹೊಲಿಸಿದ ತೆಳು ಹತ್ತಿಯ ಖಾಕಿ. ದಪ್ಪ ಬಟ್ಟೆ ಕೈಗೆ ಸಿಕ್ಕಿದ್ದು ಆಮೇಲೆ.

ನಾನು ಈವರೆಗೆ ಓದಿದ್ದೆಲ್ಲ ದಾಳಿ, ಪದಕ, ಸೇನಾಪತಿಗಳ ಕಥೆ. ಮುಂದಿನ ತಿಂಗಳು ಇಲ್ಲಿನ ಕನ್ನಡ ಮಕ್ಕಳಿಗೆ ಇದರ ಬಗ್ಗೆ ಒಂದು ಗಂಟೆ ಹೇಳಬೇಕು. ಮಕ್ಕಳು ಕೇಳುವುದು ಬೇರೆ ಪ್ರಶ್ನೆ ಅಲ್ವಾ? ಎಲ್ಲಿ ಮಲಗುತ್ತಿದ್ದರು, ಏನು ತಿನ್ನುತ್ತಿದ್ದರು, ಕಕ್ಕಸಿಗೆ ಎಲ್ಲಿ ಹೋಗುತ್ತಿದ್ದರು? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಶಿರಸಿ ತೋಟಿಗ

ನಾನು ಇತಿಹಾಸ ಓದಿದವನಲ್ಲ, ಅಡಿಕೆ ತೋಟದವನು. ಆದರೆ ನಿಮ್ಮ ಕಾಲು ಒದ್ದೆಯಾದ ಕಾರಣ ನನಗೆ ಗೊತ್ತು.

ಅದು ತಗ್ಗು ಪ್ರದೇಶ. ಮೇಲೆ ಒಂದಿಷ್ಟು ಮಣ್ಣು, ಕೆಳಗೆ ಜೇಡಿ. ಜೇಡಿ ನೀರು ಕುಡಿಯುವುದಿಲ್ಲ. ಬಿದ್ದ ಮಳೆಗೆ ಹೋಗಲು ದಾರಿ ಇಲ್ಲ. ಬಸಿಗಾಲುವೆ ಇಲ್ಲದ ತೋಟ ಮಳೆಗಾಲದಲ್ಲಿ ಹೇಗಿರುತ್ತದೆ ಅಂತ ನಮ್ಮ ಕಡೆಯವರನ್ನು ಕೇಳಿ. ಅಲ್ಲಿನ ರೈತರು ನೂರಾರು ವರ್ಷ ಬಸಿಗಾಲುವೆ ತೋಡಿ, ಹೂಳು ತೆಗೆದು, ಆ ಹೊಲವನ್ನು ಹೊಲ ಮಾಡಿಕೊಂಡಿದ್ದರು. ಫಿರಂಗಿ ಗುಂಡು ಬಿದ್ದದ್ದು ಆ ಕಾಲುವೆಗಳ ಮೇಲೆ. ಒಂದು ಕಡೆ ಕಾಲುವೆ ಒಡೆದರೆ ಮೇಲಿನ ನಾಲ್ಕು ಹೊಲದ ನೀರು ಅಲ್ಲೇ ನಿಲ್ಲುತ್ತದೆ. ಗುಂಡು ಬಿದ್ದ ಗುಂಡಿ ಬೇರೆ ಕೆರೆಯಾಗುತ್ತದೆ.

ನವ್ ಶಾಪೆಲ್ ಸುತ್ತ ಎರಡು ಮೂರು ಅಡಿ ಅಗೆದರೆ ಒರತೆ ಬರುತ್ತಿತ್ತಂತೆ. ಹಾಗಾಗಿ ಅಲ್ಲಿನ ಎಷ್ಟೋ ಕಂದಕಗಳು ನಿಜವಾಗಿ ಕಂದಕಗಳೇ ಅಲ್ಲ. ಅರ್ಧ ಅಗೆದದ್ದು, ಅರ್ಧ ಮಣ್ಣಿನ ಚೀಲ ಪೇರಿಸಿ ಎಬ್ಬಿಸಿದ ಗೋಡೆ. ಮಳೆಗೆ ಆ ಗೋಡೆ ಕುಸಿಯುತ್ತಿತ್ತು. ರಾತ್ರಿ ಮತ್ತೆ ಕಟ್ಟಬೇಕು. ಹಗಲಲ್ಲಿ ತಲೆ ಎತ್ತಿದರೆ ಆಚೆಯಿಂದ ಗುಂಡು.

1917ರಲ್ಲಿ ಬೆಲ್ಜಿಯಂನ ಪ್ಯಾಶೆಂಡೇಲ್‌ನಲ್ಲಿ ಆದದ್ದು ಇದರ ಅತಿ. ಜುಲೈ 31ರಿಂದ ನವೆಂಬರ್ ತನಕ ಹೊಡೆದಾಟ. ಬಸಿಗಾಲುವೆ ಎಲ್ಲ ಪುಡಿ, ಮೇಲಿಂದ ಮಳೆ. ಮರದ ಹಲಗೆಯ ದಾರಿಯಿಂದ ಕಾಲು ಜಾರಿದವರು ಹುದುಲಲ್ಲಿ ಮುಳುಗಿ ಸತ್ತರು. ಹೇಸರಗತ್ತೆಗಳೂ ಮುಳುಗಿದವು. ಗುಂಡು ತಾಗದೆ, ಬರೀ ಕೆಸರಿಗೆ ಸತ್ತವರು ಅವರು. ಗದ್ದೆಯಲ್ಲಿ ಎತ್ತು ಹೂತು ಹೋದಾಗ ಅದರ ಕಣ್ಣು ನೋಡಿದ್ದೇನೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಡಾಕ್ಟರ್ ಹಾಸನ

ಲಿಲ್ ಅವರೇ, ನಿಮ್ಮ ಕಾಲಿಗೆ ಹತ್ತು ನಿಮಿಷದಲ್ಲಿ ಆದದ್ದು ಅವರಿಗೆ ಹಗಲು ರಾತ್ರಿ ಆಯಿತು. ಅದಕ್ಕೆ ಟ್ರೆಂಚ್ ಫುಟ್ ಅನ್ನುತ್ತಾರೆ, ಕಂದಕದ ಕಾಲು.

ನಮ್ಮ ಕಡೆ ನಾಟಿ ಮಾಡುವ ಹೆಂಗಸರ ಬೆರಳ ಸಂದಿ ಕೊಳೆಯುವುದನ್ನು ಎಲ್ಲರೂ ನೋಡಿದ್ದೀರಿ. ಅದು ಚರ್ಮದ ಮೇಲಿನ ತೊಂದರೆ. ಕಾಲು ಒಣಗಿಸಿ ಮದ್ದು ಹಚ್ಚಿದರೆ ಹೋಗುತ್ತದೆ. ಇದು ಹಾಗಲ್ಲ. ಚಳಿಯೂ ಒದ್ದೆಯೂ ಒಟ್ಟಿಗೆ ಸೇರಿದರೆ ಕಾಲಿನ ರಕ್ತನಾಳ ಮುದುಡಿಕೊಳ್ಳುತ್ತದೆ. ರಕ್ತ ಬೆರಳಿನ ತನಕ ಹೋಗುವುದಿಲ್ಲ. ನೀರು ಹೆಪ್ಪುಗಟ್ಟುವಷ್ಟು ಚಳಿ ಬೇಕಾಗಿಲ್ಲ, ಅದಕ್ಕಿಂತ ಎಷ್ಟೋ ಬೆಚ್ಚಗಿದ್ದರೂ ಬರುತ್ತದೆ. ಮೊದಲು ಕಾಲು ಜೋಮು ಹಿಡಿಯುತ್ತದೆ. ನೋವೇ ಇಲ್ಲದ ಕಾರಣ ಸಿಪಾಯಿ ಸುಮ್ನೆ ಇರುತ್ತಾನೆ. ಆಮೇಲೆ ಊದಿಕೊಂಡು ನೀಲಿಯಾಗುತ್ತದೆ. ಬೂಟು ಬಿಚ್ಚಿದರೆ ಮತ್ತೆ ಹಾಕಲು ಆಗುವುದಿಲ್ಲ. ಬೆಚ್ಚಗಾದ ಕೂಡಲೇ ಸಹಿಸಲಾಗದ ಉರಿ. ಕಪ್ಪಾಗಿ ಕೊಳೆತರೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕು. ಆಗ ಮೊಣಕಾಲಿನ ತನಕ ಬಿಗಿಯಾಗಿ ಬಟ್ಟೆ ಪಟ್ಟಿ ಸುತ್ತುತ್ತಿದ್ದರು, ಪಟ್ಟೀಸ್ ಅಂತ. ಒದ್ದೆಯಾದ ಪಟ್ಟಿ ಇನ್ನೂ ಬಿಗಿಯಾಗಿ ರಕ್ತ ನಿಲ್ಲಿಸುತ್ತಿತ್ತು.

ಮೊದಲ ಚಳಿಗಾಲದಲ್ಲೇ ಬ್ರಿಟಿಷ್ ಸೈನ್ಯದಲ್ಲಿ ಸುಮಾರು 20,000 ಜನಕ್ಕೆ ಇದು ಬಂತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 75,000. ಔಷಧ ಕೆಲಸ ಮಾಡಲಿಲ್ಲ, ಶಿಸ್ತು ಕೆಲಸ ಮಾಡಿತು. ಕಾಲಿಗೆ ತಿಮಿಂಗಿಲದ ಎಣ್ಣೆ ತಿಕ್ಕಬೇಕು. ಸಾಕ್ಸ್ ಬದಲಾಯಿಸಬೇಕು. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬನ ಕಾಲಿಗೆ ಇನ್ನೊಬ್ಬ ಜವಾಬ್ದಾರಿ ಅಂದರು. ಅಧಿಕಾರಿ ಬಂದು ಒಬ್ಬೊಬ್ಬರ ಪಾದ ನೋಡಬೇಕು. ಯಾವ ತುಕಡಿಯಲ್ಲಿ ಕಾಲು ಕೊಳೆಯುವುದು ಜಾಸ್ತಿಯೋ ಅದರ ಅಧಿಕಾರಿ ಮೇಲಿನವರಿಗೆ ಉತ್ತರ ಹೇಳಬೇಕಿತ್ತು. ಆಗ ಇಳಿಯಿತು. ವೈದ್ಯನಾಗಿ ನನಗೆ ಇದು ಬಹಳ ದೊಡ್ಡ ವಿಷಯ. ಮೊದಲ ವರ್ಷವೇ ಯಾರಾದರೂ ಒಬ್ಬರು ಬಗ್ಗಿ ಕಾಲು ನೋಡಿದ್ದರೆ ಎಷ್ಟು ಜನ ಎರಡು ಪಾದದಲ್ಲಿ ಊರಿಗೆ ನಡೆದು ಹೋಗುತ್ತಿದ್ದರು!

ಇನ್ನೊಂದು, ಕೂರೆ. ತಲೆಯ ಹೇನಲ್ಲ, ಬಟ್ಟೆಯ ಹೊಲಿಗೆಯಲ್ಲಿ ಕೂರುವ ಕೂರೆ. ವಾರಗಟ್ಟಲೆ ಅದೇ ಬಟ್ಟೆ. ಚಳಿಗೆ ಒಬ್ಬರಿಗೊಬ್ಬರು ಒತ್ತಿ ಮಲಗುವುದು. ಕೂರೆಗೆ ಇನ್ನೇನು ಬೇಕು? ಮೋಂಬತ್ತಿಯನ್ನು ಹೊಲಿಗೆಯ ಉದ್ದಕ್ಕೂ ಓಡಿಸಿ ಸುಡುತ್ತಿದ್ದರು. ಮೊಟ್ಟೆ ಉಳಿಯುತ್ತಿತ್ತು, ಮೈ ಬಿಸಿಗೆ ಮತ್ತೆ ಮರಿ. ಸಾವಿರಾರು ಜನಕ್ಕೆ ಐದೈದು ದಿನಕ್ಕೆ ಮರುಕಳಿಸುವ ಜ್ವರ, ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ವಿಪರೀತ ನೋವು. ಕಾರಣ ಕೂರೆ ಅಂತ ಖಚಿತವಾದದ್ದು 1918ರಲ್ಲಿ. ಕೂರೆಯ ಹಿಕ್ಕೆಯಲ್ಲಿ ರೋಗಾಣು ಇರುತ್ತದೆ, ತುರಿಸಿಕೊಂಡಾಗ ಗಾಯದ ಮೂಲಕ ಒಳಗೆ ಹೋಗುತ್ತದೆ. ಅಷ್ಟರಲ್ಲಿ ಯುದ್ಧವೇ ಮುಗಿಯುತ್ತಾ ಬಂದಿತ್ತು.

ಬೆಳಗಾವಿ ಮಾಜಿ ಹವಾಲ್ದಾರ್

ಡಾಕ್ಟ್ರು ಹೇಳಿದ ಪಾದ ಪರೀಕ್ಷೆ ನಮ್ಮ ಕಾಲದಲ್ಲೂ ಇತ್ತು. ನಾನು ಉತ್ತರದ ಗಡಿಯಲ್ಲಿ ಬಂಕರಿನಲ್ಲಿ ಇದ್ದವನು. ಮೊದಲ ಚಳಿಗಾಲ ನಮ್ಮ ಸುಬೇದಾರ್ ಸಾಹೇಬರು ದಿನಾ ರಾತ್ರಿ ಟಾರ್ಚ್ ಹಿಡಿದು ಬರುತ್ತಿದ್ದರು. "ಬೂಟು ತೆಗಿ, ಬೆರಳು ಅಲ್ಲಾಡಿಸು" ಅಂತ. ಇಪ್ಪತ್ತರ ಹುಡುಗರು ನಾವು, ಒಳಗೊಳಗೇ ಬೈದುಕೊಳ್ಳುತ್ತಿದ್ದೆವು. ಇವತ್ತು ನನ್ನ ಹತ್ತೂ ಬೆರಳು ಇವೆ. ಅದು ಅವರು ಕೊಟ್ಟದ್ದು.

ನಿಮ್ಮ ಕಂದಕದ ಬಗ್ಗೆ ಓದುವಾಗ ನನಗೆ ತುಂಬಾ ಗುರುತು ಸಿಕ್ಕಿದ್ದು ಸ್ಟ್ಯಾಂಡ್-ಟು. ಬೆಳಕು ಹರಿಯುವ ಮೊದಲು ಮತ್ತು ಕತ್ತಲಾಗುವಾಗ ಎಲ್ಲರೂ ಬಂದೂಕು ಹಿಡಿದು ಜಾಗದಲ್ಲಿ ನಿಲ್ಲಬೇಕು. ದಾಳಿ ಬರುವುದು ಆ ಮಬ್ಬಿನಲ್ಲೇ. 1914ರಲ್ಲೂ ಅದೇ, ನಮ್ಮಲ್ಲೂ ಅದೇ. ಆ ಹೊತ್ತಿನ ಚಳಿ ಬೇರೆ ರೀತಿ. ಅದು ಮೂಳೆಗೆ ಇಳಿಯುತ್ತದೆ.

ಜನ ಕೇಳುತ್ತಾರೆ, ಗುಂಡಿಗೆ ಹೆದರಿಕೆ ಆಗುತ್ತಿತ್ತಾ ಅಂತ. ಆಗುತ್ತಿತ್ತು. ಆದರೆ ದಿನ ಪೂರ್ತಿ ಗುಂಡು ಇರುವುದಿಲ್ಲ. ದಿನ ಪೂರ್ತಿ ಇರುವುದು ಒದ್ದೆ ಸಾಕ್ಸ್, ಬುಖಾರಿ ಒಲೆಯ ಹೊಗೆ, ಮೂಗಿನ ಒಳಗಿನ ಮಸಿ, ಡಬ್ಬಿ ಊಟದ ವಾಸನೆ. ಡಬ್ಬಿ ತೆರೆಯುವ ಸದ್ದು ಕೇಳಿದರೆ ಹೊಟ್ಟೆ ತೊಳೆಸುತ್ತಿತ್ತು. ಮತ್ತೆ ಕಾಯುವುದು. ಪತ್ರಕ್ಕೆ ಕಾಯುವುದು, ರಜೆಗೆ ಕಾಯುವುದು, ಬೆಳಗಾಗಲು ಕಾಯುವುದು.

ನಮಗೆ ಸ್ಲೀಪಿಂಗ್ ಬ್ಯಾಗ್ ಇತ್ತು, ಸೀಮೆಎಣ್ಣೆ ಇತ್ತು, ಒಳ್ಳೆಯ ಬೂಟು ಇತ್ತು. ಹತ್ತಿಯ ಖಾಕಿಯಲ್ಲಿ ಆ ನೀರಲ್ಲಿ ನಿಂತವರನ್ನು ನೆನೆದರೆ ನನ್ನ ಕೈ ತಾನಾಗಿ ಸೆಲ್ಯೂಟಿಗೆ ಏಳುತ್ತದೆ.

ಲಿಲ್ ಕನ್ನಡಿಗ

ಹವಾಲ್ದಾರ್ ಸಾಹೇಬರೇ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮ್ಮ ಸುಬೇದಾರ್ ಸಾಹೇಬರ ಮಾತು ಮಕ್ಕಳಿಗೆ ಹೇಳಬಹುದಾ?

ಬೆಳಗಾವಿ ಮಾಜಿ ಹವಾಲ್ದಾರ್

ಹೇಳಿ. ಅವರಿಗೂ ಖುಷಿಯಾಗುತ್ತಿತ್ತು.

ಇತಿಹಾಸದ ಟೀಚರ್

ಮಲಗುವುದರ ಬಗ್ಗೆ ನಾನು ಬರೆಯುತ್ತೇನೆ. ಹೈಸ್ಕೂಲಿನಲ್ಲಿ ಪಾಠ ಮಾಡುವಾಗ ನಾನು ಮೊದಲು ಬೋರ್ಡಿನ ಮೇಲೆ ಕಂದಕವನ್ನು ಮೇಲಿಂದ ನೋಡಿದ ಹಾಗೆ ಬರೆಯುತ್ತೇನೆ. ಅದು ನೇರ ಗೆರೆ ಅಲ್ಲ. ಕೆಲವು ಗಜಕ್ಕೊಮ್ಮೆ ಮೂಲೆ ತಿರುಗುತ್ತದೆ. ಒಂದು ಗುಂಡು ಒಳಗೆ ಬಿದ್ದು ಸಿಡಿದರೆ ಆ ಒಂದು ತುಂಡಿನಲ್ಲಿ ಇದ್ದವರಿಗೆ ಮಾತ್ರ ಅಪಾಯ. ಶತ್ರು ಒಳಗೆ ನುಗ್ಗಿದರೂ ಉದ್ದಕ್ಕೆ ಗುಂಡು ಹಾರಿಸಲು ಆಗುವುದಿಲ್ಲ. ಮುಂದಿನ ಸಾಲು, ಅದರ ಹಿಂದೆ ಆಸರೆಯ ಸಾಲು, ಅದರ ಹಿಂದೆ ಮೀಸಲು ಸಾಲು. ಇವನ್ನು ಜೋಡಿಸುವ ಅಡ್ಡ ಕಂದಕಗಳು. ಊಟ, ನೀರು, ಮದ್ದುಗುಂಡು ಬರುವುದೂ ಗಾಯಾಳು ಹೋಗುವುದೂ ಅದೇ ಇಕ್ಕಟ್ಟಿನ ದಾರಿಯಲ್ಲಿ, ಅದೂ ಕತ್ತಲಲ್ಲಿ. ಬೆಲ್ಜಿಯಂ ಸಮುದ್ರ ತೀರದಿಂದ ಸ್ವಿಟ್ಜರ್ಲೆಂಡ್ ಗಡಿಯ ತನಕ ಸುಮಾರು 700 ಕಿಲೋಮೀಟರ್ ಹೀಗೇ.

ಸಾಮಾನ್ಯ ಸಿಪಾಯಿಗೆ ಮಲಗುವ ಕೋಣೆ ಅಂತ ಇರಲಿಲ್ಲ. ಕಂದಕದ ಗೋಡೆಯಲ್ಲೇ ಒಂದು ಗೂಡು ಕೊರೆದು, ಮೊಣಕಾಲು ಎದೆಗೆ ಒತ್ತಿಕೊಂಡು, ಮೇಲೆ ಒಂದು ರಬ್ಬರ್ ಹಾಸು ಎಳೆದುಕೊಂಡು ಕೂರುವುದು. ಮಲಗುವುದು ಅನ್ನಲಿಕ್ಕೆ ಆಗುವುದಿಲ್ಲ. ಮಳೆಗೆ ಗೂಡು ಕುಸಿದರೆ ಒಳಗಿದ್ದವನು ಮಣ್ಣಲ್ಲಿ. ರಾತ್ರಿಯೇ ಕೆಲಸದ ಹೊತ್ತು. ಮುಳ್ಳುತಂತಿ ಕಟ್ಟುವುದು, ಗೋಡೆ ಸರಿಮಾಡುವುದು, ಚೀಲ ಹೊರುವುದು, ಕಾವಲು. ಕಾವಲಲ್ಲಿ ತೂಕಡಿಸಿ ಸಿಕ್ಕಿಬಿದ್ದರೆ ಮರಣದಂಡನೆಯ ತನಕ ಹೋಗಬಹುದಿತ್ತು. ನಿದ್ದೆ ಅಂದರೆ ಹಗಲಲ್ಲಿ ಸಿಕ್ಕ ಒಂದೆರಡು ಗಂಟೆ, ಅದೂ ಇಲಿಗಳ ನಡುವೆ. ಹೆಗ್ಗಣದಷ್ಟು ದಪ್ಪ ಇಲಿಗಳು. ಅವು ಯಾಕೆ ದಪ್ಪಗಿದ್ದವು ಅಂತ ಮಕ್ಕಳಿಗೆ ಹೇಳುವುದು ಬೇಡ. ಎರಡೂ ಕಡೆಯ ನಡುವಿನ ಜಾಗದಲ್ಲಿ ಹೆಣ ಎತ್ತಲು ಯಾರೂ ಹೋಗಲಾಗುತ್ತಿರಲಿಲ್ಲ.

ಒಂದು ಸಮಾಧಾನ ಇತ್ತು. ಯಾರೂ ವರ್ಷ ಪೂರ್ತಿ ಮುಂದಿನ ಸಾಲಿನಲ್ಲಿ ಇರುತ್ತಿರಲಿಲ್ಲ. ಕೆಲವು ದಿನ ಮುಂದೆ, ಕೆಲವು ದಿನ ಹಿಂದೆ, ಆಮೇಲೆ ಹಳ್ಳಿಯ ಕೊಟ್ಟಿಗೆಯಲ್ಲಿ ವಿಶ್ರಾಂತಿ, ಹೀಗೆ ಸರದಿ. ಹಿಂದೆ ಬಂದಾಗ ಸ್ನಾನ. ಬಿಯರ್ ಮಾಡುವ ಕಾರ್ಖಾನೆಯ ದೊಡ್ಡ ಮರದ ಬಾನಿಗಳಲ್ಲಿ ಬಿಸಿನೀರು ತುಂಬಿ ಹತ್ತಾರು ಜನ ಒಟ್ಟಿಗೆ ಇಳಿಯುತ್ತಿದ್ದರು. ಆದರೆ 1914ರ ಮೊದಲ ತಿಂಗಳುಗಳಲ್ಲಿ ಜನ ಸಾಲದೆ ಈ ಸರದಿ ಸರಿಯಾಗಿ ನಡೆಯಲಿಲ್ಲ. ನಮ್ಮವರು ಬಂದು ಸಿಕ್ಕಿಕೊಂಡದ್ದು ಅದೇ ಹೊತ್ತಿಗೆ.

ಇನ್ನೊಂದು ಮಾತು ನನ್ನನ್ನು ಯಾವಾಗಲೂ ಕಾಡುತ್ತದೆ. ಜರ್ಮನ್ನರ ಕಂದಕಗಳು ಎಷ್ಟೋ ವಾಸಿ ಇದ್ದವು. ಫ್ರಾನ್ಸಿನ ಸೋಮ್ ಪ್ರದೇಶದಲ್ಲಿ 9-10 ಮೀಟರ್ ಆಳದಲ್ಲಿ ಕೋಣೆ, ಹಲಗೆಯ ಗೋಡೆ, ಮಂಚ, ಕೆಲವು ಕಡೆ ಕರೆಂಟ್ ದೀಪ. ಅವರು ಹಿಡಿದ ಜಾಗದಲ್ಲಿ ಕೂತು ಉಳಿಸಿಕೊಳ್ಳಬೇಕಿತ್ತು. ಬ್ರಿಟಿಷ್ ಸೇನಾಪತಿಗಳಿಗೆ ನಾಳೆಯೇ ಮುಂದೆ ನುಗ್ಗುತ್ತೇವೆ ಅನ್ನುವ ಲೆಕ್ಕ. ನಾಳೆ ಬಿಟ್ಟು ಹೋಗುವ ಮನೆಗೆ ಯಾರು ಗಾರೆ ಹಾಕಿಸುತ್ತಾರೆ? ಆ ನಾಳೆ ನಾಲ್ಕು ವರ್ಷ ಬರಲಿಲ್ಲ. ಹಾಗಾಗಿ ಸಿಪಾಯಿ ನೀರಲ್ಲಿ ನಿಂತದ್ದಕ್ಕೆ ಮಳೆ ಒಂದೇ ಕಾರಣ ಅಲ್ಲ. ಹಿಂದೆ ಒಣಗಿದ ಕೋಣೆಯಲ್ಲಿ ಕೂತು ಮಾಡಿದ ತೀರ್ಮಾನವೂ ಕಾರಣ.

ದಾವಣಗೆರೆ ಓದುಗ

ಒಂದು ಅನುಮಾನ. ನಮ್ಮವರು ಬಿಸಿಲಿನ ದೇಶದವರು, ಚಳಿ ತಡೆಯಲಾರದೆ ಕುಸಿದರು, ಅದಕ್ಕೇ 1915ರ ಕೊನೆಗೆ ಅವರನ್ನು ಫ್ರಾನ್ಸಿನಿಂದ ಕಳಿಸಿದರು ಅಂತ ಎಲ್ಲೋ ಓದಿದ ನೆನಪು. ಅದು ಸರಿ ಅಲ್ವಾ?

ಇತಿಹಾಸದ ಟೀಚರ್

ಇಲ್ಲ ಸರ್. ಈ ಮಾತು ತುಂಬಾ ಕಡೆ ಬರುತ್ತದೆ, ಪೂರ್ತಿ ಒಪ್ಪಲಾಗದು. ಆ ಸೈನ್ಯದಲ್ಲಿ ಗಡ್ವಾಲಿಗಳು, ಗೂರ್ಖಾಗಳು, ಪಠಾಣರು ಇದ್ದರು. ಹಿಮ ನೋಡಿಯೇ ಹುಟ್ಟಿದವರು. 39ನೇ ಗಡ್ವಾಲ್ ರೈಫಲ್ಸ್‌ನ ದರ್ವಾನ್ ಸಿಂಗ್ ನೇಗಿ ಅವರಿಗೆ ವಿಕ್ಟೋರಿಯಾ ಕ್ರಾಸ್ ಅನ್ನುವ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ತಂದುಕೊಟ್ಟ ಹೋರಾಟ ನಡೆದದ್ದು 1914ರ ನವೆಂಬರ್ ಚಳಿಯಲ್ಲಿ, ಫೆಸ್ಟ್ಯೂಬೇರ್ ಕಂದಕದಲ್ಲಿ. ಅವರನ್ನು ಕಾಡಿದ್ದು ಹಿಮಕ್ಕಿಂತ ಜಾಸ್ತಿ ಕೆಸರು ನೀರು. ಆ ನೀರಲ್ಲಿ ಇಂಗ್ಲೆಂಡಿನ ಹುಡುಗರ ಕಾಲೂ ಕೊಳೆಯಿತು, ಡಾಕ್ಟರ್ ಲೆಕ್ಕ ಕೊಟ್ಟಿದ್ದಾರೆ.

ನಿಜವಾದ ತೊಂದರೆ ಬೇರೆ ಇತ್ತು. ಸಿಪಾಯಿಗಳ ಭಾಷೆ ಬಲ್ಲ ಅಧಿಕಾರಿಗಳು ಮೊದಲ ವಾರಗಳಲ್ಲೇ ಸತ್ತರು. ಬಂದ ಹೊಸಬರಿಗೆ ಆ ಭಾಷೆ ಗೊತ್ತಿಲ್ಲ. ಸತ್ತವರ ಜಾಗ ತುಂಬಲು ತರಬೇತಾದ ಜನ ಊರಿಂದ ಸಾಕಷ್ಟು ಬರಲಿಲ್ಲ. ಬೇರೆ ಬೇರೆ ಪಲ್ಟನ್ನಿನವರನ್ನು ತಂದು ಹೊಲಿಗೆ ಹಾಕಿದರು. ಗಾಯ ಮಾಗಿದವನನ್ನು ಮತ್ತೆ ಅದೇ ಕಂದಕಕ್ಕೆ ಕಳಿಸಿದರು. ಊರಿಗೆ ಹೋಗುವ ದಾರಿಯೇ ಕಾಣದೆ ಎಷ್ಟೋ ಜನರ ಮನಸ್ಸು ಒಡೆದುಹೋಯಿತು. 1915ರ ಮಾರ್ಚ್ 10ರಿಂದ 13ರ ತನಕ ನಡೆದ ನವ್ ಶಾಪೆಲ್ ಕಾಳಗ ಒಂದರಲ್ಲೇ ಆ ಎರಡು ಡಿವಿಷನ್ ಸೇರಿದ ಭಾರತೀಯ ಕೋರ್‌ನಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 4,200. ಕಾಲಾಳುಗಳನ್ನು ಆ ವರ್ಷದ ಕೊನೆಗೆ ಮೆಸೊಪಟೇಮಿಯಾಕ್ಕೆ, ಅಂದರೆ ಇವತ್ತಿನ ಇರಾಕಿಗೆ, ಕಳಿಸಿದರು, ನಿಜ. ಆದರೆ ಭಾರತೀಯ ಕುದುರೆ ಪಡೆ ಫ್ರಾನ್ಸಿನಲ್ಲೇ ಮುಂದಿನ ಚಳಿಗಾಲಗಳನ್ನೂ ಕಳೆಯಿತು, 1918ರ ತನಕ ಇತ್ತು. ಕಂದಕಕ್ಕೂ ಇಳಿಯಿತು.

ದಾವಣಗೆರೆ ಓದುಗ

ತಿಳಿಸಿದ್ದಕ್ಕೆ ಧನ್ಯವಾದ ಮೇಡಂ. ಇಷ್ಟು ದಿನ ತಪ್ಪು ತಿಳಿದುಕೊಂಡಿದ್ದೆ.

ಗದಗದ ಓದುಗಿ

ಊಟದ ಪ್ರಶ್ನೆಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು.

ಭಾರತೀಯ ಸಿಪಾಯಿಗೆ ದಿನಕ್ಕೆ ಒಂದೂವರೆ ಪೌಂಡ್ ಗೋಧಿ ಹಿಟ್ಟು ಲೆಕ್ಕ, ಅಂದರೆ ಮುಕ್ಕಾಲು ಕೆಜಿಗೆ ಸ್ವಲ್ಪ ಕಡಿಮೆ. ಜೊತೆಗೆ 4 ಔನ್ಸ್ ಬೇಳೆ, 2 ಔನ್ಸ್ ತುಪ್ಪ. ಬೆಲ್ಲ, ಆಲೂಗಡ್ಡೆ, ಉಪ್ಪು, ಚಹಾ. ಮೆಣಸಿನಕಾಯಿ, ಅರಿಶಿನ, ಶುಂಠಿ, ಬೆಳ್ಳುಳ್ಳಿ ಕೂಡ ಅಳತೆ ಮಾಡಿ ಕೊಡುತ್ತಿದ್ದರು. ತಿನ್ನುವವರಿಗೆ ಮಾಂಸ. ಡಬ್ಬಿ ದನದ ಮಾಂಸ ಹಿಂದೂಗಳಿಗೆ ಆಗದು, ಹಂದಿ ಮುಸ್ಲಿಮರಿಗೆ ಆಗದು. ಅದಕ್ಕೆ ಜೀವಂತ ಆಡುಗಳನ್ನು ತರಿಸಿ, ಅವರವರ ಪದ್ಧತಿಯ ಪ್ರಕಾರ ಬೇರೆ ಬೇರೆ ಕಡಿಯುತ್ತಿದ್ದರು. ಯುದ್ಧದ ನಡುವೆ ಇಷ್ಟು ವ್ಯವಸ್ಥೆ ಮಾಡಿದ್ದು ಸಣ್ಣ ವಿಷಯ ಅಲ್ಲ, ಒಪ್ಪಬೇಕು.

ಕಾಗದದಲ್ಲಿ ಇದು ಒಳ್ಳೆಯ ಊಟ. ಆದರೆ ಕಂದಕದಲ್ಲಿ ಒಲೆ ಹಚ್ಚಿದರೆ ಹೊಗೆ ನೋಡಿ ಗುಂಡು ಬೀಳುತ್ತದೆ. ರೊಟ್ಟಿ ಬೇಯುವುದು ಹಿಂದೆ ಎಲ್ಲೋ. ರಾತ್ರಿ ಕತ್ತಲಲ್ಲಿ, ಮೊಣಕಾಲು ಕೆಸರಿನ ಅಡ್ಡ ಕಂದಕದಲ್ಲಿ ಹೊತ್ತು ತರುವಷ್ಟರಲ್ಲಿ ಅದು ತಣ್ಣಗಾಗಿ ಚರ್ಮದ ಹಾಗೆ. ಎಷ್ಟೋ ದಿನ ತರುವವನೇ ದಾರಿಯಲ್ಲಿ ಸಾಯುತ್ತಿದ್ದ. ನನ್ನ ಅವ್ವ ಹೊಲಕ್ಕೆ ಬುತ್ತಿ ಒಯ್ಯುವಾಗ ರೊಟ್ಟಿ ಆರಬಾರದು ಅಂತ ನಾಲ್ಕು ಮಡಿಕೆ ಬಟ್ಟೆ ಸುತ್ತುತ್ತಿದ್ದಳು. ಅದು ನೆನಪಾಯಿತು.

ಕುಡಿಯುವ ನೀರು ಪೆಟ್ರೋಲ್ ಡಬ್ಬಿಯಲ್ಲಿ ಬರುತ್ತಿತ್ತು. ಎಷ್ಟು ತೊಳೆದರೂ ಪೆಟ್ರೋಲ್ ವಾಸನೆ. ಮೇಲಿಂದ ಸುಣ್ಣದ ಪುಡಿಯಂಥ ಬ್ಲೀಚಿಂಗ್ ಹಾಕುತ್ತಿದ್ದರು. ಸುತ್ತ ಎಲ್ಲಿ ನೋಡಿದರೂ ನೀರು, ಕುಡಿಯಲು ಒಂದು ಲೋಟ ಇಲ್ಲ. ಬ್ರಿಟಿಷ್ ಸಿಪಾಯಿಗೆ ಡಬ್ಬಿ ಮಾಂಸ, ಜಾಮ್, ಮತ್ತೆ ಕಲ್ಲಿನಂಥ ಬಿಸ್ಕತ್ತು. ಅದನ್ನು ಕುಟ್ಟಿ ನೀರಲ್ಲಿ ನೆನೆಸಿ ತಿನ್ನುತ್ತಿದ್ದರು. ಖಾಲಿಯಾದ ಜಾಮ್ ಡಬ್ಬಿಯನ್ನೂ ಬಿಡಲಿಲ್ಲ. ಮೊದಲ ಚಳಿಗಾಲದಲ್ಲಿ ಕೈಬಾಂಬು ಸಾಲದೆ ಅದರಲ್ಲೇ ಮದ್ದು, ಮೊಳೆ ತುಂಬಿ ಬತ್ತಿ ಇಟ್ಟು ಎಸೆಯುತ್ತಿದ್ದರು.

ಇನ್ನು ಪತ್ರ. ನಮ್ಮ ಸಿಪಾಯಿಗಳಲ್ಲಿ ಬಹಳ ಜನಕ್ಕೆ ಓದು ಬರಹ ಇರಲಿಲ್ಲ. ಬಲ್ಲವನೊಬ್ಬ ಬರೆದು ಕೊಡಬೇಕು. ಅದನ್ನು ಸೆನ್ಸಾರ್ ಅಧಿಕಾರಿಗಳು ಓದಿ ಇಂಗ್ಲಿಷಿಗೆ ಇಳಿಸಿಕೊಳ್ಳುತ್ತಿದ್ದರು. ಹಾಗಾಗಿಯೇ ಇವತ್ತು ಆ ಪತ್ರಗಳ ತುಣುಕುಗಳು ಉಳಿದಿವೆ. ನೇರವಾಗಿ ಬರೆದರೆ ತಡೆಯುತ್ತಾರೆ ಅಂತ ಒಬ್ಬ ಸಿಪಾಯಿ ಮಸಾಲೆಯ ಮಾತಲ್ಲಿ ಬರೆದ. ಕರಿಮೆಣಸು ಖರ್ಚಾಗಿ ಮುಗಿಯುತ್ತಾ ಬಂತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಅನ್ನುವ ಅರ್ಥದಲ್ಲಿ. ಕರಿ ಅಂದರೆ ನಮ್ಮವರು, ಕೆಂಪು ಅಂದರೆ ಬಿಳಿಯರು. ಊರಲ್ಲಿ ಅದನ್ನು ಓದಿಸಿ ಕೇಳಿದ ಹೆಂಡತಿಗೋ ತಾಯಿಗೋ ಅರ್ಥ ಆದ ಕ್ಷಣ ಹೇಗಿತ್ತೋ.

ಹಲಸೂರು ನಿವಾಸಿ

ಈ ಪತ್ರಗಳಲ್ಲಿ ಕನ್ನಡದವರು ಕಾಣದಿರುವುದಕ್ಕೂ ಕಾರಣ ಇದೆ. ದಕ್ಷಿಣದವರು ಯೋಧ ಜಾತಿಯವರಲ್ಲ ಅಂತ ಬ್ರಿಟಿಷರೇ ಒಂದು ನಂಬಿಕೆ ಕಟ್ಟಿಕೊಂಡು ಇಲ್ಲಿಂದ ಕಾಲಾಳುಗಳ ಭರ್ತಿ ಇಳಿಸಿದ್ದರು. ಫ್ರಾನ್ಸಿಗೆ ಹೋದ ಪಲ್ಟನ್ನುಗಳು ಹೆಚ್ಚಾಗಿ ಉತ್ತರದವು. ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲಾನ್ಸರ್ಸ್, ಹೋದದ್ದು ಸೂಯೆಜ್ ಕಾಲುವೆ, ಪ್ಯಾಲೆಸ್ತೀನ್ ಕಡೆಗೆ.

ಆದರೆ ನಮ್ಮೂರ ಹೆಸರು ಆ ಕಂದಕಗಳಿಗೆ ಹೋಗಿತ್ತು. ಬ್ಯಾಂಗಲೋರ್ ಟಾರ್ಪೆಡೊ! 1912ರಲ್ಲಿ ಇಲ್ಲೇ ಬೆಂಗಳೂರಿನಲ್ಲಿ, ಮದ್ರಾಸ್ ಸ್ಯಾಪರ್ಸ್ ಅನ್ನುವ ಎಂಜಿನಿಯರ್ ಪಡೆಯ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಮಾಡಿದ್ದು. ಉದ್ದನೆಯ ಕೊಳವೆಗಳಲ್ಲಿ ಮದ್ದು ತುಂಬಿ, ಒಂದಕ್ಕೊಂದು ಜೋಡಿಸಿ, ಮುಳ್ಳುತಂತಿಯ ಕೆಳಗೆ ತಳ್ಳಿ ಸಿಡಿಸುವುದು. ತಂತಿ ತುಂಡಾಗಿ ದಾರಿ ಬಿಡುತ್ತದೆ. ಕತ್ತಲಲ್ಲಿ ಹೊಟ್ಟೆ ಎಳೆದುಕೊಂಡು ಹೋಗಿ ಅದನ್ನು ತಳ್ಳುವ ಕೆಲಸ ಸ್ಯಾಪರ್‌ಗಳದು. ದಿನಾ ಹಲಸೂರು ಕೆರೆ ಸುತ್ತ ವಾಕ್ ಮಾಡುತ್ತೇನೆ. ಪಕ್ಕದಲ್ಲೇ ಆ ಪಡೆಯ ಕೇಂದ್ರ. ಇದು ತಿಳಿದ ಮೇಲೆ ಆ ಗೋಡೆಯನ್ನು ನೋಡುವ ರೀತಿಯೇ ಬೇರೆ ಆಯಿತು.

ಬೆಳಗಾವಿ ಮಾಜಿ ಹವಾಲ್ದಾರ್

ನಮ್ಮ ಊರಿಗೂ ಒಂದು ನಂಟು ಇದೆ. ಫ್ರಾನ್ಸ್ ಅಲ್ಲ, ಇರಾಕಿನ ಕುತ್. ಇವತ್ತು ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫ್ಯಾಂಟ್ರಿಯ ಹಳೆಯ ಪಲ್ಟನ್ನುಗಳು, 103, 110, 117, ಅಲ್ಲಿ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವು. 1915ರ ಡಿಸೆಂಬರ್‌ನಿಂದ 1916ರ ಏಪ್ರಿಲ್ 29ರ ತನಕ, ಹತ್ತಿರ ಹತ್ತಿರ ಐದು ತಿಂಗಳು. ಮೂರು ಕಡೆ ಟೈಗ್ರಿಸ್ ನದಿ, ಒಂದು ಕಡೆ ಕಂದಕ, ಸುತ್ತ ತುರ್ಕಿ ಸೈನ್ಯ. ಜನವರಿಯಲ್ಲಿ ನದಿ ಉಕ್ಕಿ ಕಂದಕಕ್ಕೇ ನುಗ್ಗಿತು. ಎರಡೂ ಕಡೆಯವರು ಮುಂದಿನ ಸಾಲು ಬಿಟ್ಟು ಹಿಂದೆ ಸರಿಯಬೇಕಾಯಿತು.

ಕೊನೆಗೆ ಊಟ ಮುಗಿಯಿತು. ಕುದುರೆ, ಹೇಸರಗತ್ತೆ ಕಡಿದರು. ನಮ್ಮವರಲ್ಲಿ ಬಹಳ ಜನ ಮುಟ್ಟಲಿಲ್ಲ. ತಿನ್ನಬಹುದು ಅಂತ ಊರಿನ ಧರ್ಮಗುರುಗಳಿಂದ ಒಪ್ಪಿಗೆ ತರಿಸಿದರೂ ಮುಟ್ಟಲಿಲ್ಲ. ತಿಂದು ಬದುಕಿ ಊರಿಗೆ ಹೋದರೆ ಜಾತಿಯಿಂದ ಹೊರಗೆ ಹಾಕುತ್ತಾರೆ ಅನ್ನುವ ಭಯ. ಒಂದು ಹಿಡಿ ಬಾರ್ಲಿ ಹಿಟ್ಟು, ಬಯಲಲ್ಲಿ ಕಿತ್ತ ಸೊಪ್ಪು, ಅಷ್ಟೇ. ಏಪ್ರಿಲ್‌ನಲ್ಲಿ ವಿಮಾನದಿಂದ ಹಿಟ್ಟಿನ ಮೂಟೆ ಬೀಳಿಸಿದರು, ಸಾಲಲಿಲ್ಲ. ಶರಣಾದ ಮೇಲೆ ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರು ಎಷ್ಟೋ ಜನ.

ಹಸಿದ ಮನುಷ್ಯ ಊಟ ಬೇಡ ಅಂದನಲ್ಲ, ಅದನ್ನು ಯಾರೂ ದಡ್ಡತನ ಅನ್ನಬೇಡಿ. ಅವನಿಗೆ ಊರಿಗೆ ಮರಳಿ ಸೇರುವುದೇ ಬದುಕು ಆಗಿತ್ತು.

ಡಾಕ್ಟರ್ ಹಾಸನ

ಕುತ್ ಬಗ್ಗೆ ಒಂದು ಸೇರಿಸುತ್ತೇನೆ. ಅಲ್ಲಿ ಒಂದೇ ಮುತ್ತಿಗೆಯಲ್ಲಿ ಎರಡು ಬೇರೆ ಕಾಯಿಲೆ. ಭಾರತೀಯರಿಗೆ ಸ್ಕರ್ವಿ, ಒಸಡು ಕೊಳೆತು ಹಳೆಯ ಗಾಯವೂ ಬಿಚ್ಚಿಕೊಳ್ಳುವ ಕಾಯಿಲೆ. ತಾಜಾ ಮಾಂಸವೂ ಇಲ್ಲ, ತರಕಾರಿಯೂ ಇಲ್ಲದ ಕಾರಣ. ಬ್ರಿಟಿಷರಿಗೆ ಕುದುರೆ ಮಾಂಸದಿಂದ ಸ್ಕರ್ವಿ ತಪ್ಪಿತು, ಆದರೆ ನರಗಳನ್ನು ಹಾಳು ಮಾಡುವ ಬೆರಿಬೆರಿ ಬಂತು, ಬಿಳಿ ಹಿಟ್ಟಿನ ಬ್ರೆಡ್ ತಿಂದದ್ದಕ್ಕೆ. ಬಿಳಿ ಹಿಟ್ಟು ಮುಗಿದು ಅವರೂ ನಮ್ಮವರ ತೌಡಿರುವ ಹಿಟ್ಟು ತಿನ್ನಲು ಶುರು ಮಾಡಿದ ಮೇಲೆ ಬೆರಿಬೆರಿ ಇಳಿಯಿತು. ಪಕ್ಕ ಪಕ್ಕದ ಎರಡು ತಟ್ಟೆಗಳಲ್ಲಿ ಎರಡು ಮದ್ದು ಇದ್ದವು.

ಗದಗದ ಓದುಗಿ

ಲಿಲ್ ಅಣ್ಣ, ಕಕ್ಕಸಿನ ಪ್ರಶ್ನೆ ಉಳಿದಿದೆ. ಎಲ್ಲರೂ ಸಂಕೋಚಪಟ್ಟು ಬಿಟ್ಟಿದ್ದೀರಿ.

ಮುಖ್ಯ ಕಂದಕದಿಂದ ಪಕ್ಕಕ್ಕೆ ಒಂದು ಸಣ್ಣ ಕವಲು ತೋಡುತ್ತಿದ್ದರು. ಅಲ್ಲಿ ಗುಂಡಿ ಅಥವಾ ಬಕೆಟ್. ಬಕೆಟ್ ಅನ್ನು ರಾತ್ರಿ ಒಯ್ದು ಹೂಳಿ, ಬ್ಲೀಚಿಂಗ್ ಸುರಿಯಬೇಕು. ಜನ ದಿನಾ ಒಂದೇ ಜಾಗಕ್ಕೆ ಬರುತ್ತಾರೆ ಅಂತ ಶತ್ರುವಿಗೂ ಗೊತ್ತಿತ್ತು, ಅಲ್ಲಿಗೆ ಗುರಿ ಇಟ್ಟು ಹೊಡೆಯುತ್ತಿದ್ದರು. ಹಾಗಾಗಿ ಎಷ್ಟೋ ಜನ ಹೋಗದೆ ತಡೆದುಕೊಳ್ಳುತ್ತಿದ್ದರು. ಭೇದಿ ಹಿಡಿದವನ ಗತಿ ಏನು ಯೋಚಿಸಿ.

ಭಾರತೀಯ ಪಲ್ಟನ್ನುಗಳ ಜೊತೆ ಜಾಡಮಾಲಿಗಳು, ನೀರು ಹೊರುವ ಭಿಸ್ತಿಗಳು, ಅಡುಗೆಯವರು, ಹೇಸರಗತ್ತೆ ಓಡಿಸುವವರು ಬಂದಿದ್ದರು. ಕೈಯಲ್ಲಿ ಬಂದೂಕಿಲ್ಲ, ಸಂಬಳ ಸಿಪಾಯಿಗಿಂತ ಕಡಿಮೆ, ಗುಂಡು ಮಾತ್ರ ಸಮ. ಅವರ ಬಗ್ಗೆ ಹೇಳದೆ ಮಕ್ಕಳಿಗೆ ಈ ಕಥೆ ಹೇಳಬೇಡಿ. ಇಂಗ್ಲೆಂಡಿನ ಬ್ರಾಕೆನ್‌ಹರ್ಸ್ಟ್‌ನಲ್ಲಿ ಗಾಯಗೊಂಡ ಭಾರತೀಯರ ಆಸ್ಪತ್ರೆ ಇತ್ತು. ಅಲ್ಲಿ ಸುಖ ಅನ್ನುವ ಜಾಡಮಾಲಿ, ಬರೇಲಿಯವನು, 1915ರ ಜನವರಿಯಲ್ಲಿ ಕಾಯಿಲೆಯಿಂದ ತೀರಿಕೊಂಡ. ಅವನ ಜಾತಿಯ ಕಾರಣಕ್ಕೆ ಹಿಂದೂಗಳು ಸುಡಲು ಒಪ್ಪಲಿಲ್ಲ. ಮುಸ್ಲಿಮರು ಹೂಳಲು ಒಪ್ಪಲಿಲ್ಲ. ಕೊನೆಗೆ ಊರಿನ ಪಾದ್ರಿ ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿ ಜಾಗ ಕೊಟ್ಟರು. ಆ ಊರಿನ ಜನರೇ ದುಡ್ಡು ಹಾಕಿ ಕಲ್ಲು ನಿಲ್ಲಿಸಿದರು. ಆ ಕಲ್ಲು ಇವತ್ತಿಗೂ ಇದೆ.

ಏಳು ಸಮುದ್ರ ದಾಟಿ ಹೋದರೂ ಅದು ಅವನನ್ನು ಬಿಡಲಿಲ್ಲ. ಇದನ್ನು ಬರೆಯುವಾಗ ನನಗೆ ಕಣ್ಣು ತುಂಬುತ್ತದೆ.

ಶಿರಸಿ ತೋಟಿಗ

ಅಕ್ಕ, ಇದು ಗೊತ್ತಿರಲಿಲ್ಲ. ಬರೆದಿದ್ದಕ್ಕೆ ಧನ್ಯವಾದ.

ಲಿಲ್ ಕನ್ನಡಿಗ

ಎಲ್ಲರಿಗೂ, ನಿನ್ನೆ ಮಕ್ಕಳ ಕಾರ್ಯಕ್ರಮ ಆಯಿತು.

ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಟೀಚರ್ ಹೇಳಿದ ಹಾಗೆ ಮೂಲೆ ಮೂಲೆ ತಿರುಗುವ ಕಂದಕ ಬರೆದೆ. ಹದಿನಾಲ್ಕು ಮಕ್ಕಳು ಅದರೊಳಗೆ ಹತ್ತು ನಿಮಿಷ ಮೊಣಕಾಲು ಮಡಚಿ ಕೂತರು. ಆಮೇಲೆ ಇಬ್ಬಿಬ್ಬರನ್ನು ಜೋಡಿ ಮಾಡಿದೆ. ಒಬ್ಬರು ಬೂಟು ಬಿಚ್ಚಿ ಬೆರಳು ಅಲ್ಲಾಡಿಸಬೇಕು, ಇನ್ನೊಬ್ಬರು ನೋಡಬೇಕು. ಸುಬೇದಾರ್ ಸಾಹೇಬರ ಕಥೆ ಆಗ ಹೇಳಿದೆ. ಗದ್ದಲ ಮಾಡುತ್ತಿದ್ದವರು ಸುಮ್ಮನಾದರು. ಹೆಂಡತಿ ಬೆಳಿಗ್ಗೆಯೇ ಚಪಾತಿ ಮಾಡಿ ಬಟ್ಟೆ ಸುತ್ತದೆ ಬಾಲ್ಕನಿಯಲ್ಲಿ ಇಟ್ಟಿದ್ದಳು. ಒಂದೊಂದು ತುಂಡು ತಣ್ಣಗೆ ತಿನ್ನಲು ಕೊಟ್ಟೆವು.

ಸುಖನ ಕಥೆ ಹೇಳಬೇಕೋ ಬೇಡವೋ ಅಂತ ಹಿಂದಿನ ರಾತ್ರಿ ತುಂಬಾ ಯೋಚಿಸಿದೆ. ಹೇಳಿದೆ. ಒಂಬತ್ತು ವರ್ಷದ ಹುಡುಗಿ ಕೇಳಿದಳು, ನವ್ ಶಾಪೆಲ್ ಗೋಡೆಯ ಮೇಲೆ ಸಿಪಾಯಿಗಳ ಹೆಸರು ಮಾತ್ರ ಇದೆಯಾ, ಕೆಲಸದವರದ್ದೂ ಇದೆಯಾ ಅಂತ. ಕೂಲಿ ಕೆಲಸಕ್ಕೆ ಬಂದವರ ಹೆಸರೂ ಇದೆ ಅಂದೆ. ಹಾಗಾದರೆ ತೋರಿಸಿ ಅಂದಳು. ಮುಂದಿನ ಭಾನುವಾರ ಎಲ್ಲರೂ ಹೋಗುತ್ತಿದ್ದೇವೆ. ಗೋಡೆಯ ಹೆಸರುಗಳನ್ನು ಒಂದೊಂದು ಮಗು ಒಂದಿಷ್ಟು ಗಟ್ಟಿಯಾಗಿ ಓದಲಿ ಅಂತ ಯೋಚನೆ. ಮಳೆ ಇದೆಯಂತೆ. ಎರಡು ಜೊತೆ ಸಾಕ್ಸ್ ತರಲು ಹೇಳಿದ್ದೇನೆ.

ಬೆಳಗಾವಿ ಮಾಜಿ ಹವಾಲ್ದಾರ್

ಮೂರು ಜೊತೆ ತರಲು ಹೇಳಿ. ಒಂದು ಕಾಲಲ್ಲಿ, ಒಂದು ಚೀಲದಲ್ಲಿ, ಒಂದು ಅಂಗಿಯ ಒಳಗೆ ಹೊಟ್ಟೆಗೆ ತಾಗಿಕೊಂಡು. ಅದು ಬೆಚ್ಚಗಿರುತ್ತದೆ.